ಪಿತ್ತ, ಮಂಡಕ್ಕಿ ಮತ್ತು ಹಿಮಾಲಯ

ದಾವಣಗೆರೆಯವರು ಹಿಮಾಲಯಕ್ಕೆ ಹೊರಟರೆ ಎಡವಟ್ಟು ಶುರುವಾಗುವುದು ಅಡುಗೆಮನೆಯಲ್ಲಿ. "ಅಲ್ಲೇನ್ ಸಿಗ್ತತೋ ಇಲ್ವೋ, ತಗಂಡು ಹೋಗಲೇ" ಎಂದು ಅವ್ವ ಒಗ್ಗರಣೆ ಮಂಡಕ್ಕಿ ಕಟ್ಟಿಕೊಡುತ್ತಾಳೆ. ತೂಕದಲ್ಲಿ ಮಂಡಕ್ಕಿಯಷ್ಟು ಸಾಧು ತಿಂಡಿ ಇಲ್ಲ, ಜಾಗ ತಿನ್ನುವುದರಲ್ಲಿ ಅದರಷ್ಟು ಪುಂಡ ಇನ್ನೊಂದಿಲ್ಲ. 50 ಲೀಟರ್ ಬೆನ್ನುಚೀಲದ ಅರ್ಧ ಅದಕ್ಕೇ ಹೋಗಿ, ಸ್ಲೀಪಿಂಗ್ ಬ್ಯಾಗ್ ಹೊರಗೆ ಜೋತಾಡುತ್ತದೆ. ಮಧ್ಯಾಹ್ನ ಮಳೆ ಬಂದರೆ ರಾತ್ರಿ ಒದ್ದೆ ಹಾಸಿಗೆ. ಸ್ಲೀಪಿಂಗ್ ಬ್ಯಾಗ್ ಪ್ಲಾಸ್ಟಿಕ್ ಚೀಲದೊಳಗೆ ಸೇರಿ ಬೆನ್ನುಚೀಲದ ತಳದಲ್ಲಿರಬೇಕು. ಭಾರದ ಸಾಮಾನು ನಡುವೆ, ಬೆನ್ನಿಗೆ ಒತ್ತಿಕೊಂಡು. ಮಳೆಕೋಟು ಎಲ್ಲಕ್ಕಿಂತ ಮೇಲೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಇಲ್ಲದಿದ್ದರೆ ಹತ್ತು ಕಿಲೋ ಪೂರ್ತಿ ಹೆಗಲಿಗೇ ಬೀಳುತ್ತದೆ.

ಅಕ್ಕಿ-ಬೇಳೆ ಹೊತ್ತವರ ಪಾಡು ಬೇರೆ. ಉತ್ತರಾಖಂಡದ ಕೇದಾರಕಂಠದಂಥ ಸುಮಾರು 3,800 ಮೀಟರ್ ಎತ್ತರದಲ್ಲಿ ನೀರು 87 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕೊತಕೊತ ಅನ್ನುವ ಸದ್ದು ಕೇಳಿ "ಆತು, ಬೆಂತು" ಅನ್ನುತ್ತಾರೆ. ತೊಗರಿಬೇಳೆ ಮಾತ್ರ ಹಾಕಿದ ಹಾಗೇ ಇರುತ್ತದೆ. ಕುಕ್ಕರ್ ಹೊರಲು ಯಾರೂ ಒಪ್ಪುವುದಿಲ್ಲ. ಅವಲಕ್ಕಿ, ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಒಲೆಯ ಮರ್ಜಿಯೇ ಬೇಡ. ಒಲೆಯ ಬ್ಯೂಟೇನ್ ಗ್ಯಾಸ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಹಾಗಾಗಿ ಅದರ ಚಿಕ್ಕ ಡಬ್ಬಿಯನ್ನು ರಾತ್ರಿ ಮಗ್ಗುಲಲ್ಲೇ ಮಲಗಿಸಿಕೊಳ್ಳಬೇಕು. ಫೋನಿಗೂ ಅಲ್ಲೇ ಜಾಗ, ಚಳಿಗೆ ಬ್ಯಾಟರಿ ಕುಸಿಯುತ್ತದೆ. ಬೆಚ್ಚಗಿರಲಿ ಎಂದು ಟೆಂಟಿನೊಳಗೆ ಒಲೆ ಹಚ್ಚುವುದು ಮಾತ್ರ ತಮಾಷೆಯ ಮಾತಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ ಮಲಗಿದವರಿಗೆ ಬೆಳಗಿನ ಜಾವ ತಮ್ಮದೇ ಉಸಿರು ಹನಿಯಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. "ಟೆಂಟ್ ಸೋರ್ತತಿ" ಎಂದು ಬಾಡಿಗೆಗೆ ಕೊಟ್ಟವನನ್ನು ಬೈಯುವುದು ಆಗ.

ಚಿತ್ರದುರ್ಗದವರ ತೊಂದರೆ ಆತ್ಮವಿಶ್ವಾಸ. ಬರಿಗೈಯಲ್ಲಿ ಕೋಟೆಗೋಡೆ ಏರುವ ಕೋತಿರಾಜನ ಊರಿನವರು, ಅವರಿಗೆ ಕಲ್ಲು ಹೊಸದೇ? ಹೊಸದೇ. ದುರ್ಗದ ಗ್ರಾನೈಟ್ ಕೊಟ್ಟ ಹಿಡಿ ಬಿಡಿಸಿಕೊಳ್ಳುವುದಿಲ್ಲ. ಹಿಮಾಲಯದ ಮೇಲಿನ ಏರುಗಳಲ್ಲಿ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಬಂಡೆಯನ್ನೇ ಸೀಳಿರುತ್ತದೆ. ಅಲ್ಲಿ ಹಿಡಿದ ಕಲ್ಲು ನಿಮ್ಮ ಜೊತೆಗೇ ಊರಿಗೆ ಹೊರಡಲು ತಯಾರು. ಮೈಭಾರ ಹಾಕುವ ಮುಂಚೆ ಅಂಗೈಯಿಂದ ಬಡಿದು ನೋಡಬೇಕು, ಪೊಳ್ಳು ಸದ್ದು ಬಂದರೆ ಬಿಡಬೇಕು. ಹಿಡಿದದ್ದನ್ನು ಕೆಳಕ್ಕೆ ಒತ್ತಬೇಕು, ಹೊರಕ್ಕೆ ಎಳೆಯಬಾರದು. ಎರಡು ಕೈ ಎರಡು ಕಾಲಲ್ಲಿ ಮೂರು ಯಾವಾಗಲೂ ಕಲ್ಲಿನ ಮೇಲಿರಬೇಕು; ಸೆಲ್ಫಿಗೆ ಎತ್ತುವ ಕೈ ಈ ಲೆಕ್ಕ ಕೆಡಿಸುತ್ತದೆ. ಒಬ್ಬರ ನೆತ್ತಿಗೆ ನೇರವಾಗಿ ಇನ್ನೊಬ್ಬರು ಹತ್ತಬಾರದು. ಕಲ್ಲು ಉರುಳಿದರೆ "ಕಲ್ಲು!" ಎಂದು ಕೂಗಬೇಕು, "ಏ ಮಂಜಣ್ಣ, ಸ್ವಲ್ಪ ನೋಡ್ಕಳಪ್ಪಾ" ಎಂದು ಪೀಠಿಕೆ ಹಾಕುವಷ್ಟು ಹೊತ್ತು ಅಲ್ಲಿರುವುದಿಲ್ಲ. ಇನ್ನೊಂದು, ಹತ್ತುವಾಗ ಕಣ್ಣೆದುರಿದ್ದ ಮೆಟ್ಟು ಇಳಿಯುವಾಗ ಕಾಲಿಗೆ ಕಾಣದು. ಇಳಿಯಲಾರೆ ಅನಿಸಿದ್ದನ್ನು ಹತ್ತದಿರುವುದೇ ವಾಸಿ.

ತಲೆನೋವು ಬಂದರೆ ನಮ್ಮವರ ತೀರ್ಮಾನ ಒಂದೇ: "ಪಿತ್ತ ಆಗೇತಿ, ನಿಂಬೆಹಣ್ಣು ಚೀಪು." ಕೇದಾರಕಂಠದಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೂ ಕಡಿಮೆ ಎಂಬುದು ನಿಂಬೆಹಣ್ಣಿಗೆ ಗೊತ್ತಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಏರಬಾರದು. ತಲೆನೋವಿನ ಜೊತೆ ವಾಂತಿ ಶುರುವಾದರೆ ಅವತ್ತು ಮೇಲೆ ಹೋಗುವಂತಿಲ್ಲ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದವರನ್ನು ಕತ್ತಲಾದರೂ ಸರಿ, ಜೊತೆಗಿದ್ದು ಕೆಳಗಿಳಿಸಬೇಕು. "ಶಿಖರ ಇಲ್ಲೇ ಐತಲ್ಲ" ಎಂಬ ಮಾತು ಆಗ ಕೇಳಿಸಿಕೊಳ್ಳಬಾರದು.

ಬೂಟು ಹೊಸದಾಗಿದ್ದರೆ ಎರಡು ವಾರ ಮೊದಲೇ ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಚೀಲ ಹೊತ್ತು ಸುತ್ತಿ ಪಳಗಿಸಬೇಕು. ಹೊರಡುವ ಮುಂಚೆ ಉಗುರು ಕತ್ತರಿಸಬೇಕು, ಇಳಿಜಾರಿನಲ್ಲಿ ಲೇಸು ಬಿಗಿಯಬೇಕು. ಇಲ್ಲದಿದ್ದರೆ ಬೆರಳು ಬೂಟಿನ ಮೂತಿಗೆ ಗುದ್ದಿ ಗುದ್ದಿ ಉಗುರು ಕಪ್ಪಾಗಿ ಉದುರುತ್ತದೆ. ಹೆಬ್ಬೆರಳಿಗೆ ಹೊಸ ಉಗುರು ಪೂರ್ತಿ ಬರಲು ವರ್ಷದ ಮೇಲೆ ಬೇಕು. ಅಷ್ಟರೊಳಗೆ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಎತ್ತರದ ಬೆಟ್ಟಕ್ಕೆ ಹೆಸರು ಬರೆಸಿ ಆಗಿರುತ್ತದೆ.