ಸೆಕ್ಷನ್ ಬದಲಾಯಿಸಬೇಕಾದವರು ಯಾರು?

ಈಗಷ್ಟೇ ಮಗಳ ಶಾಲೆಯ ಪೋಷಕರ ಸಭೆ ಮುಗಿಸಿ ಬಂದೆ. ತಲೆ ಕೆಟ್ಟುಹೋಗಿದೆ.

ಆರನೇ ಕ್ಲಾಸಿನ ಹುಡುಗನೊಬ್ಬನ ತಾಯಿ ಎದ್ದು ನಿಂತರು. ಮಗನ ಮೈಬಣ್ಣ ಹಿಡಿದು ಕೆಲವು ಹುಡುಗರು ದಿನಾ ಆಡಿಕೊಳ್ಳುತ್ತಾರೆ, ಊಟದ ಡಬ್ಬಿ ಕಸಿದು ಚೆಲ್ಲುತ್ತಾರೆ, ಬೆಳಗಾದರೆ ಹೊಟ್ಟೆನೋವು ಅಂತ ಅಳುತ್ತಾನೆ ಎಂದರು. ಹೆಡ್‌ಮಾಸ್ಟರು ನಕ್ಕರು. "ಮಕ್ಕಳಾಟ ಮೇಡಂ. ಬೇಕಾದರೆ ನಿಮ್ಮ ಹುಡುಗನನ್ನ ಬಿ ಸೆಕ್ಷನ್‌ಗೆ ಹಾಕೋಣ."

ಅಂದರೆ ನೋವು ತಿಂದವನೇ ಜಾಗ ಖಾಲಿ ಮಾಡಬೇಕು! ಕಾಡಿದವರು ಆರಾಮಾಗಿ ಅದೇ ಬೆಂಚಿನಲ್ಲಿ. ಭಲೇ ನ್ಯಾಯ. ಹುಡುಗ ಅಲ್ಲೇ ಅಮ್ಮನ ಪಕ್ಕ ನಿಂತಿದ್ದ. ನಿನಗೇನು ಬೇಕಪ್ಪಾ ಅಂತ ಒಬ್ಬರೂ ಕೇಳಲಿಲ್ಲ.

ನನ್ನ ಕಾನೂನಿನ ಹುಚ್ಚು ನಿಮಗೆ ಗೊತ್ತೇ ಇದೆ, ಸಹಿಸಿಕೊಳ್ಳಿ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿಕೊಂಡಿದ್ದು 1992ರಲ್ಲಿ. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಮಾತನ್ನೂ ಕೇಳಬೇಕು ಅನ್ನುತ್ತದೆ ಅದರ 12ನೇ ವಿಧಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಶಿಸ್ತುಕ್ರಮದ ಮಾತು ಬರುವುದು ಸಿಬ್ಬಂದಿಗೆ, ನಿಜ. ಆದರೆ ಮೇಷ್ಟ್ರು ಕೊಡಬಾರದ ಹಿಂಸೆಯನ್ನು ಮೇಷ್ಟ್ರ ಕಣ್ಣೆದುರೇ ಬೇರೆಯವರು ಕೊಡಬಹುದಾ?

ಹಿಂದಿನ ಸಾಲಿನ ಅಪ್ಪ ಒಬ್ಬರು, "ಆ ಹುಡುಗರಿಗೆ ನಾಲ್ಕು ಬಾರಿಸಿ ಸಾರ್, ಸರಿಹೋಗ್ತಾರೆ" ಅಂದರು. ಸ್ವಾಮಿ, ಆ ಸೆಕ್ಷನ್ ಅವರಿಗೂ ಇದೆ. ಅವರನ್ನು ಹೊಡೆಯುವುದೂ ಬೇಡ, ಟಿಸಿ ಕೊಟ್ಟು ಕಳಿಸುವುದೂ ಬೇಡ. ಕೂರಿಸಿ ಮಾತಾಡಿಸಿ. ನೋಡಿಕೊಂಡು ನಕ್ಕ ಉಳಿದ ಮಕ್ಕಳನ್ನೂ ಕೂರಿಸಿ. ಇದು ಇಡೀ ಕ್ಲಾಸಿನ ಕೆಲಸ. ಒಬ್ಬನ ಬ್ಯಾಗು ಎತ್ತಿ ಪಕ್ಕದ ಕೋಣೆಗೆ ಇಟ್ಟರೆ ಮುಗಿಯಲ್ಲ.

"ನಮ್ಮ ಕಾಲದಲ್ಲೂ ಅಡ್ಡಹೆಸರು ಇತ್ತು, ನಾವು ಗಟ್ಟಿಯಾಗಲಿಲ್ವಾ?" ಅಂತ ಕಾಮೆಂಟ್ ಹಾಕಲು ಹೊರಟವರಿಗೆ: ನನ್ನ ಉಬ್ಬುಹಲ್ಲಿಗೆ ಇಟ್ಟ ಹೆಸರು ಇಲ್ಲಿ ಬರೆಯಲ್ಲ. ಇವತ್ತಿಗೂ ಫೋಟೋದಲ್ಲಿ ನಾನು ಬಾಯಿಬಿಟ್ಟು ನಗಲ್ಲ. ಗಟ್ಟಿಯಾಗಿದ್ದು ಇಷ್ಟೇ.

ಹಾಂ, ಶಾಲೆಯಲ್ಲಿ ದೂರು ಪೆಟ್ಟಿಗೆ ಇದೆಯಂತೆ. ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲೇ, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಬೀಗದ ಕೈ ಅವರ ಹತ್ತಿರವೇ. 1098 ಮಕ್ಕಳ ಸಹಾಯವಾಣಿಯ ನಂಬರನ್ನು ಗೋಡೆ ಮೇಲೆ ಬರೆಸಿ ಅಂದೆ. "ಶಾಲೆ ಹೆಸರು ಕೆಡುತ್ತೆ ಮೇಡಂ" ಅಂದರು.

ಆ ತಾಯಿಯ ನಂಬರ್ ತಗೊಂಡು ಬಂದಿದ್ದೀನಿ. ಸೋಮವಾರ ಇಬ್ಬರೂ ಲಿಖಿತ ದೂರು ಹಿಡಿದು ಹೋಗುತ್ತೇವೆ. ಜೊತೆಗೆ ಬರುವವರು ಇನ್‌ಬಾಕ್ಸ್‌ಗೆ ಬನ್ನಿ.