ಮಕ್ಕಳನ್ನು ಮಿಷನ್ ಟ್ರಿಪ್‌ಗೆ ಕಳಿಸುವ ಮುಂಚೆ

ಜೂನ್‌ನಲ್ಲಿ ನಮ್ಮ ಚರ್ಚಿನ 11 ಮಕ್ಕಳು ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಹೊರಟಿದ್ದಾರೆ. ಎಲ್ಲರೂ ಹೈಸ್ಕೂಲಿನವರು, ನನ್ನ ಮಗಳೂ ಇದ್ದಾಳೆ. ಒಂಬತ್ತು ದಿನ ಅಲ್ಲಿನ ಹಳ್ಳಿಯಲ್ಲಿ ಮನೆ ಕಟ್ಟುವ ಸೇವೆ. ಇಲ್ಲಿ ಟೆಕ್ಸಾಸ್‌ನಲ್ಲಿ ಇದಕ್ಕೆ ಮಿಷನ್ ಟ್ರಿಪ್ ಅಂತಾರೆ. ಅವರನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಾಸ್‌ಪೋರ್ಟ್, ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆ, ತಂದೆತಾಯಿಯ ಒಪ್ಪಿಗೆ ಪತ್ರ, ನಲ್ಲಿ ನೀರು ಕುಡಿಯಬಾರದು ಅನ್ನುವ ಮಾತು, ಎಲ್ಲ ಒಂದೇ ಭಾನುವಾರಕ್ಕೆ ಮುಗಿಯಿತು. ಇನ್ನೂ ಐದು ಭಾನುವಾರ ಬೇಕೇ ಬೇಕು ಅಂತ ನಾನು ಹಟ ಹಿಡಿದೆ.

ಯಾಕೆಂದರೆ ಇಂಥ ಟ್ರಿಪ್ ಬಂದಿಳಿಯುವ ಊರಿನ ಹುಡುಗಿ ನಾನು.

ಗದಗಿನ ಕಡೆ ನಾನು ಐದನೇ ಕ್ಲಾಸ್ ಓದುತ್ತಿದ್ದಾಗ ನಮ್ಮ ಶಾಲೆಗೆ ವಿದೇಶದ ಹುಡುಗ ಹುಡುಗಿಯರು ಬಂದರು. ಮೂರು ದಿನ ಗೋಡೆಗೆ ಬಣ್ಣ ಬಳಿದರು. ಪ್ರತಿ ಬೇಸಿಗೆ ಆ ಗೋಡೆಗೆ ಬಣ್ಣ ಹೊಡೆಯುತ್ತಿದ್ದವರು ನಮ್ಮ ಓಣಿಯ ಪೇಂಟರ್ ಕಾಕಾ. ಅವರು ಗೇಟಿನ ಹತ್ತಿರ ಕೈಕಟ್ಟಿ ನಿಂತು ನೋಡುತ್ತಿದ್ದರು. ಆ ವರ್ಷ ಅವರಿಗೆ ಆ ಕೂಲಿ ಸಿಗಲಿಲ್ಲ. ಒಬ್ಬ ಅಕ್ಕ ನನ್ನನ್ನು ತೊಡೆ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡಳು. ಹೊರಡುವಾಗ ಅಳುತ್ತಿದ್ದಳು. ತುಂಬಾ ಒಳ್ಳೆಯವಳು. ಆದರೆ ನನ್ನ ಹೆಸರು ಕೇಳಿರಲೇ ಇಲ್ಲ.

ಟ್ರಿಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಹೋಗಲಿ. ಆದರೆ ಉದ್ಧಾರ ಮಾಡಲು ಬೇಡ, ಅತಿಥಿಗಳಾಗಿ ಹೋಗಲಿ.

ಮೊದಲು ಲೆಕ್ಕ ಹೇಳಿದೆ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಮನೆ ಕಟ್ಟಲು ಉತ್ತರ ಅಮೆರಿಕದಿಂದ ಎಷ್ಟೋ ಗುಂಪುಗಳು ಹೋದವು. ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಇದನ್ನು ಅಧ್ಯಯನ ಮಾಡಿದರು. ವಿಮಾನದ ಖರ್ಚು ಸೇರಿಸಿದರೆ ಒಂದು ಮನೆಗೆ ಸುಮಾರು 30,000 ಡಾಲರ್. ಅಲ್ಲಿನವರೇ ಕಟ್ಟಿದರೆ ಸುಮಾರು 2,000. ಮಕ್ಕಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಬ್ಬ ಕೇಳಿದ, "ಹಾಗಾದರೆ ನಾವು ಯಾಕೆ ಹೋಗಬೇಕು, ಆಂಟಿ?" ಆ ಪ್ರಶ್ನೆ ಬರಲಿ ಅಂತಲೇ ನಾನು ಕಾಯುತ್ತಿದ್ದೆ. ಈ ಸಲ ಗಾರೆ ಕೆಲಸ ಅಲ್ಲಿನ ಮೇಸ್ತ್ರಿಯದು. ನಮ್ಮ ಮಕ್ಕಳು ಅವನು ಹೇಳಿದ ಇಟ್ಟಿಗೆ ಹೊರುತ್ತಾರೆ. ಅವನ ಕೂಲಿಯೂ ನಾವು ಕೂಡಿಸಿದ ಹಣದಲ್ಲೇ ಇದೆ.

ಟ್ರಿಪ್ಪಿಗೆ ಹಣ ಕೇಳಿ ಮಕ್ಕಳು ಬರೆದ ಪತ್ರಗಳನ್ನೂ ತಿದ್ದಿಸಿದೆ. "ಬಡವರ ಬಾಳು ಬದಲಿಸಲು ಹೊರಟಿದ್ದೇವೆ" ಅಂತ ಬರೆದಿದ್ದರು. ಆ ಮನೆಯ ತಾಯಿ ನಿನ್ನ ಎದುರು ಕೂತಿದ್ದಾಳೆ ಅಂದುಕೊಂಡು ಇದನ್ನು ಜೋರಾಗಿ ಓದು ಅಂದೆ. ಎರಡನೇ ಸಾಲಿಗೇ ಹುಡುಗ ನಿಲ್ಲಿಸಿಬಿಟ್ಟ. ತಾನೇ ಹೊಸದಾಗಿ ಬರೆದ.

ಕಿಟ್ಟೆಲ್ ಅವರ ಕಥೆ ಹೇಳದೆ ನನಗೆ ಇರಲು ಆಗಲಿಲ್ಲ. ಬಾಸೆಲ್ ಮಿಷನ್ನಿಂದ 1853ರಲ್ಲಿ ಬಂದವರು. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವೆ 41 ವರ್ಷ! ನಮ್ಮವರಿಗೆ ಒಂಬತ್ತೇ ದಿನ, ನಿಜ. ಹತ್ತು ಮಾತಾದರೂ ಕಲಿಯಬಹುದು ಅಲ್ವಾ? ಬರೀ ಸ್ಪ್ಯಾನಿಶ್ ಸಾಲದು. ಗ್ವಾಟೆಮಾಲಾದಲ್ಲಿ 20ಕ್ಕೂ ಜಾಸ್ತಿ ಮಾಯಾ ಭಾಷೆಗಳಿವೆ. ಇವರು ಹೋಗುವ ಹಳ್ಳಿಯದು ಕಾಕ್ಚಿಕೆಲ್. ಅದರಲ್ಲಿ ಧನ್ಯವಾದಕ್ಕೆ "ಮತ್ಯೋಶ್" ಅಂತಾರೆ. ಈಗ ಚರ್ಚಿನ ಅಂಗಳದಲ್ಲೆಲ್ಲ ಅದೇ ಮಾತು. ಫೋಟೋಕ್ಕೂ ಒಂದು ನಿಯಮ ಇದೆ. ಮಗುವಿನ ಹೆಸರು ಗೊತ್ತಿರಬೇಕು, ಅದರ ತಾಯಿ ಹೂಂ ಅಂದಿರಬೇಕು. ಇಲ್ಲದಿದ್ದರೆ ಫೋನ್ ಜೇಬಿನಲ್ಲೇ ಇರಲಿ.

ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಊರೂರಿಗೆ ಕಳಿಸುತ್ತಾನೆ. ಹಣದ ಚೀಲ ಬೇಡ, ಬಡಿಸಿದ್ದನ್ನು ಉಣ್ಣಿರಿ ಅನ್ನುತ್ತಾನೆ. ಅದನ್ನು ಓದಿದ ಭಾನುವಾರ ಎಲ್ಲರನ್ನೂ ಮನೆಗೆ ಕರೆದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಚಮಚ ಇಡಲಿಲ್ಲ. ಒಬ್ಬಳಿಗೆ ಖಾರ ನೆತ್ತಿಗೇರಿತು, ಆದರೂ ತಟ್ಟೆ ಖಾಲಿ ಮಾಡಿದಳು. ಆಮೇಲೆ ಅಡುಗೆಮನೆಗೆ ಬಂದು, "ನನಗೂ ಕಲಿಸ್ತೀರಾ?" ಅಂದಳು. ಗ್ವಾಟೆಮಾಲಾದ ಹೆಂಗಸರೂ ಮೆಕ್ಕೆಜೋಳದ ಹಿಟ್ಟನ್ನು ಹೀಗೇ ಅಂಗೈಯಲ್ಲಿ ತಟ್ಟಿ ತೋರ್ತಿಯಾ ಮಾಡುತ್ತಾರೆ ಅಂತ ಅವಳಿಗೆ ಹೇಳಿದೆ. ಅವಳ ಮೊದಲ ರೊಟ್ಟಿ ಹರಿಯಿತು, ಎರಡನೆಯದೂ ಹರಿಯಿತು. ಮೂರನೆಯದು ಹೇಗೋ ಹೆಂಚಿಗೆ ಬಿತ್ತು. "ಮತ್ಯೋಶ್, ಆಂಟಿ" ಅಂದಳು, ಹಿಟ್ಟಿನ ಕೈಯಲ್ಲೇ.