ಸತ್ಯಾಂಶ: ಬಾರಕೂರಿನಲ್ಲಿ ಸಿಕ್ಕ ನಾಣ್ಯ ಸಿಕ್ಕವನದ್ದೇ?

‘ಬಾರಕೂರಿನ ಗದ್ದೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿ, ಸಿಕ್ಕ ನಾಣ್ಯ ನಿಮ್ಮದೇ’ ಎಂಬ ಸಂದೇಶ ಉಡುಪಿಯ ಕಡೆ ಹರಿದಾಡುತ್ತಿದೆ. ಅರ್ಧ ಮಾತ್ರ ನಿಜ. ಬಾರಕೂರು ಹಿಂದೆ ಕರಾವಳಿಯನ್ನು ಆಳಿದ ಅಳುಪ ಅರಸರ ರಾಜಧಾನಿಯಾಗಿತ್ತು. ಅವರ ಪುಟ್ಟ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಜೋಡಿ ಮೀನು, ಇನ್ನೊಂದರಲ್ಲಿ ನಾಗರಿ ಲಿಪಿಯ ‘ಶ್ರೀ ಪಾಂಡ್ಯ ಧನಂಜಯ’. ಆಸೆ ಹುಟ್ಟುವುದು ಸಹಜವೇ.

ಆದರೆ ನೆಲದಲ್ಲಿ ಸಿಕ್ಕ ನಿಧಿಗೆ ಕರ್ನಾಟಕದಲ್ಲಿ 1962ರ ಕಾಯ್ದೆಯೇ ಇದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು, ಜೇಬಿಗಿಳಿಸಿದರೆ ಅಪರಾಧ. ಗದ್ದೆ ಸ್ವಂತದ್ದು ಎಂಬ ವಾದ ಇಲ್ಲಿ ನಡೆಯದು. ಸಂರಕ್ಷಿತ ಸ್ಮಾರಕದ ಆವರಣದಲ್ಲಂತೂ ಅನುಮತಿಯಿಲ್ಲದೆ ಅಗೆಯುವಂತೆಯೇ ಇಲ್ಲ.

ಸಿಕ್ಕಿತೆನ್ನಿ: ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಸಿಕ್ಕ ಜಾಗದ ಫೋಟೊ ತೆಗೆದಿಡಿ. ಯಾವ ಮಣ್ಣಿನಲ್ಲಿ, ಎಷ್ಟು ಆಳದಲ್ಲಿತ್ತು ಎಂಬುದೇ ಇತಿಹಾಸಕಾರರಿಗೆ ಚಿನ್ನಕ್ಕಿಂತ ಮುಖ್ಯ.